ಎಡದೀಪ ನಾಲ್ಕು ಫೂಟು

ಖಾನಾಪುರದ ಸ್ಟೇಷನ್ ರೋಡಿಗೆ ಅಪ್ಪನ ಸ್ಟುಡಿಯೋ.
ಹಂಚಿನ ಫ್ಯಾಕ್ಟರಿಯ ಕೆಂಪು ಧೂಳು
ಕೇಳದನ ಒಳಗ ಬಂದು ಕೂಡೂ ಜಾಗಾ.
ಬೋರ್ಡಿನ ಮ್ಯಾಲ ಎರಡು ಭಾಷಾ.
ಒಂದು ವರ್ಷ ಯಾರೋ ಮ್ಯಾಲಿನದಕ್ಕ ಡಾಂಬರ ಬಳದ್ರು,
ಮುಂದಿನ ವರ್ಷ ಮತ್ಯಾರೋ ಕೆಳಗಿನದಕ್ಕ.
ಅಪ್ಪ ಸೀಮೆಎಣ್ಣಿ ಅರಿವಿಲೆ ಎರಡೂ ಒರಸಿ,
"ನಾ ಮುಖಾ ತೆಗಿಯಾಂವ, ನಾಲಿಗಿ ಅಲ್ಲ" ಅಂದು
ಶಟರ್ ಏರಿಸಿದ.

ಅಂವ ಹೋದ ಮ್ಯಾಲ ಕ್ಯಾಮೆರಾ ಹೊಸದು ಬಂತು. ದೀಪ ಹಳೇವ.
ಗ್ವಾಡಿಗೆ ಅವನ ಪೆನ್ಸಿಲ್ ಅಕ್ಷರ ಇನ್ನೂ ಐತಿ:
ಸ್ಟೂಲು ಇಲ್ಲಿ. ಎಡದೀಪ ನಾಲ್ಕು ಫೂಟು. ಬಲದೀಪ ಆರು.
ಮೂವತ್ತು ವರ್ಷ ಈ ಊರು
ಅದ ಲೆಕ್ಕದಾಗ ಕುಂತು ಎದ್ದು ಹೋಗೇತಿ.

ಥಂಡ್ಯಾಗ ಮುಂಡಗೋಡದಿಂದ ಸ್ವೆಟರ್ ಮಾರಾಕ ಬರೂ
ಯಾಂಗ್ಚೆನ್‌ಗೆ ಅಪ್ಪ ಪ್ರತಿ ಸಲ ಹೇಳಾಂವ,
"ಬಾಯಾರ, ಸ್ವಲ್ಪ ಕಣ್ಣು ತೆರೀರಿ."
ಆಕಿ ಪ್ರತಿ ಸಲ ನಗಾಕಿ:
"ತೆರದೇ ಐತಿ ಸರ್. ನೀವ ಒತ್ತರಿ."
ಮದುವಿ ಹುಡಿಗ್ಯಾರಿಗೆ ಬ್ಯಾರೆ ಒಂದು ಸಣ್ಣ ಬ್ರಷ್ ಇತ್ತು.
ಗಲ್ಲದ ಬಣ್ಣ ತಿಳಿ ಮಾಡಾಕ ಹತ್ತು ರೂಪಾಯಿ ಹೆಚ್ಚು.
ನಂದೂ ತಿದ್ದಿದ್ದ ಒಮ್ಮೆ.
ರೊಕ್ಕ ತಗೊಳ್ಳಲಿಲ್ಲ.

ಇನಾಸ ಸಿದ್ದಿಯ ಮಗಳು ನತಾಲಿನ ಬಂದದ್ದು
ಹತ್ತನೇತ್ತ ಹಾಲ್ ಟಿಕೆಟ್ಟಿನ ಫೋಟೋಕ್ಕ.
ಎಂಟು ಕಾಪಿ ತೆಗದು ಕೊಟ್ಟೆ.
ಮರುದಿನ ತಿರುಗಿ ತಂದ್ಳು:
"ಮುಖ ಸ್ಪಷ್ಟ ಇಲ್ಲ ಅಂದ್ರು ಕ್ಲಾರ್ಕ್."
ಖರೇನ ಇತ್ತು. ಎರಡು ಜಡಿ, ಬಿಳೀ ಕಾಲರ್,
ನಡುವ ಒಂದು ಸಂಜಿ.
ಮತ್ತ ತೆಗದೆ. ಕಂಪ್ಯೂಟರಿನಾಗ ತಿಳಿ ಮಾಡಿದೆ,
ಬೂದಿ ಬಳದಂಗ ಬಂತು.
ಅದನ್ನೂ ತಂದ್ಳು. ಈ ಸಲ ಕ್ಲಾರ್ಕಲ್ಲ, ಆಕೀನ ಅಂದ್ಳು,
"ಇದು ಯಾರ್ರೀ ಅಕ್ಕಾರ?"

ಮೂರನೇ ಸಲ ಸ್ಟೂಲಿನ ಮ್ಯಾಲ ಕುಂತಾಕಿ ಎದ್ಲು.
ಎಡದೀಪದ ಕಾಲು ಹಿಡದು, ನೆಲಾ ಕರಕರ ಅನ್ನಂಗ
ತನ್ನ ಕಡೆ ಎಳಕೊಂಡ್ಳು.
"ನನ್ನ ಮುಖ ಸ್ಪಷ್ಟನ ಐತ್ರಿ.
ನಿಮ್ಮ ದೀಪ ದೂರ ಐತಿ."

ಒತ್ತಿದೆ.
ಹಣಿ ಬಂತು, ಹುಬ್ಬಿನ ಮ್ಯಾಲಿನ ಹಳೇ ಗಾಯ ಬಂತು,
ಮೇಲ್ದುಟಿಯ ಸಿಟ್ಟು ಸುದ್ದಾ ಬಂತು.

ಆ ರಾತ್ರಿ ಅಪ್ಪನ ಟ್ರಂಕ್ ತೆಗದೆ.
ಸಾಲಿಯ ಗುಂಪು ಫೋಟೋ, ಏಳನೇತ್ತ.
ಹಿಂದಿನ ಸಾಲಿನಾಗ ಮೂರು ಬಿಳೀ ಅಂಗಿ,
ಅಂಗಿ ಮ್ಯಾಲ ಗ್ವಾಡಿಯ ನೆರಳಿಗೆ ಸೇರಿದ ಏನೋ.
ಹಿಂದ ತಿರುವಿದ್ರ ಅಪ್ಪನ ಚಂದನ ಅಕ್ಷರ:
ಎಡದಿಂದ ಮೂರನೇದವ, ಇನಾಸ.
ಇಂಥಾ ಅಪ್ಪ. ಹೆಸರು ತಪ್ಪಿಸಲಿಲ್ಲ.
ದೀಪಾನೂ ಸರಸಲಿಲ್ಲ.

ಬೆಳಿಗ್ಗೆ ದೊಡ್ಡದು ಮಾಡಿ ತೆಗಸಿದೆ ನತಾಲಿನಳ ಫೋಟೋ,
ಶೋಕೇಸಿನಾಗ ಇಡೂಣು ಅಂತ.
ಅಲ್ಲಿ ಹಳೇ ಮದುಮಕ್ಕಳು, ಜಾವಳದ ಕೂಸು, ಒಬ್ಬ ಪೈಲ್ವಾನ,
ಬಿಸಿಲಿಗೆ ಕುಂತು ಕುಂತು ಎಲ್ಲಾರೂ ನೀಲಿ ಆಗ್ಯಾರ,
ಯಾರು ಕೆಂಪು ಯಾರು ಕಪ್ಪು ಈಗ ಹೇಳಾಕ ಬರೂದಿಲ್ಲ.
ಒಂದು ಮದುಮಗಳನ್ನ ತೆಗದು ಜಾಗಾ ಮಾಡಿದೆ.

"ಬ್ಯಾಡ್ರಿ," ಅಂದ್ಳು ನತಾಲಿನ.
"ಬಸ್ಸಿನಾಗ ನೋಡೋರು ಸಾಲವಲ್ರೇನು,
ಇಲ್ಲಿ ಬ್ಯಾರೆ ನಿಂತು ನೋಡ್ಲೇನು?
ಎಲ್ಲಿಯವರು, ಯಾವ ದೇಶ ಅಂತ ನಿಮಗ ಕೇಳ್ತಾರ.
ನೀವು ಚಾ ಕುಡಕೋತ ಹೇಳ್ತೀರಿ."
ನಾ ಏನೋ ಅನ್ನಾಕ ಹ್ವಾದೆ.
ಹೌದು, ಹೇಳ್ತಿದ್ದೆ.

ಎಂಟರಾಗ ಎಂಟೂ ಎಣಿಸಿಕೊಂಡು,
ದೊಡ್ಡದನ್ನೂ ಸುರುಳಿ ಸುತ್ತಿ,
"ಇದು ನಮ್ಮ ಅಪ್ಪಗ" ಅಂದು ಹ್ವಾದ್ಳು.
ಲೋಂಡಾ ಗಾಡಿ ಸೀಟಿ ಹಾಕ್ತಿತ್ತು, ಓಡಿದ್ಳು.

ಶೋಕೇಸಿನಾಗ ಒಂದು ಚೌಕ ಖಾಲಿ ಐತಿ,
ಅಲ್ಲಷ್ಟ ಹಾಳಿಯ ಬಣ್ಣ ಹೊಸದು.
ಗ್ವಾಡಿ ಮುಂದ ಪೆನ್ಸಿಲ್ ಹಿಡದು ನಿಂತೆ.
ಅಪ್ಪನ ಲೆಕ್ಕ ಅಳಸಾಕ ಮನಸಾಗಲಿಲ್ಲ.
ಹೊಸದು ಬರಿಯೂದಂದ್ರ ಎಷ್ಟು ಫೂಟು ಅಂತ ಬರೀಲಿ?
ದೀಪದ ಕಾಲಿಗೆ ಗಾಲಿ ಹಚ್ಚಿಸಿದೆ,
ನೂರಾ ನಲವತ್ತು ರೂಪಾಯಿ,
ವೆಲ್ಡಿಂಗಿನ ಮುಸ್ತಫಾನ ಕಡೆ.
ಅಂವಾ ತನ್ನ ಆಧಾರಿನ ಫೋಟೋ ಬಗ್ಗೆ
ಅರ್ಧಾ ತಾಸು ಬೈದ.